ಜಾವಾ-ಯೆಜ್ಡಿಗೆ ಗಿರಾಕಿ ಯಾಕೆ ಕಮ್ಮಿ? ಉಳಿಯೋ ದಾರಿ ಯಾವುದು?

ಯಾದವಗಿರಿ_250
2018ರ ನವೆಂಬರ್ 15ಕ್ಕೆ ಜಾವಾ ಮರಳಿ ಬಂದಾಗ ಇದ್ದ ಉಮೇದು ಈಗ ಶೋರೂಮ್‌ಗಳಲ್ಲಿ ಕಾಣ್ತಿಲ್ಲ. ರಾಯಲ್ ಎನ್‌ಫೀಲ್ಡ್ 2024-25ರ ಒಂದೇ ಹಣಕಾಸು ವರ್ಷದಲ್ಲಿ 10 ಲಕ್ಷ ಬೈಕ್ ದಾಟಿತು. ಇತ್ತ ಜಾವಾ, ಯೆಜ್ಡಿ, ಬಿಎಸ್‌ಎ ಮೂರೂ ಸೇರಿದರೂ ತಿಂಗಳಿಗೆ ಕೆಲವೇ ಸಾವಿರ. ಈ ಮೂರನ್ನೂ ಮಾಡೋ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಲ್ಲಿ ಮಹೀಂದ್ರಾ ಪಾಲು 60%, ಹಾಗಾಗಿ ಬೆನ್ನಿಗೆ ದುಡ್ಡಿಲ್ಲ ಅನ್ನೋಕಾಗಲ್ಲ. ಇಂಜಿನ್ ಬಡಕಲು ಅನ್ನೋಕೂ ಆಗಲ್ಲ: ಜಾವಾ 42 ಎಫ್‌ಜೆ 334 ಸಿಸಿಗೆ 29 ಪಿಎಸ್ (ಅಶ್ವಶಕ್ತಿ) ಕೊಡುತ್ತೆ, ಎನ್‌ಫೀಲ್ಡ್ ಕ್ಲಾಸಿಕ್ 349 ಸಿಸಿಗೆ 20 ಪಿಎಸ್.

ಹಾಗಿದ್ದರೆ ಎಡವಿದ್ದು ಎಲ್ಲಿ? 1996ರಲ್ಲಿ ಹಳೇ ಜಾವಾ, ಯೆಜ್ಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದಕ್ಕೂ ಇವತ್ತಿನದಕ್ಕೂ ಏನಾದರೂ ಹೋಲಿಕೆ ಇದೆಯಾ? "ಆ ಸದ್ದೇ ಬೇರೆ ಗುರು" ಅನ್ನೋ ಉತ್ತರ ಸಾಕಷ್ಟು ಕೇಳಿದ್ದೀವಿ. ಪಾರ್ಟು, ರೇಟು, ಕಾರಣ ಸಮೇತ ಹೇಳಿ.

ಹಾಸನ_ಹೈವೇ
ಕಾಯಿಸಿದ್ದೇ ಮೊದಲ ತಪ್ಪು. ನವೆಂಬರಲ್ಲಿ ತೋರಿಸಿ, ಡಿಸೆಂಬರ್ 25ಕ್ಕೆ ಆನ್‌ಲೈನ್ ಬುಕಿಂಗ್ ಮುಚ್ಚಿ, 2019ರ ಸೆಪ್ಟೆಂಬರ್‌ವರೆಗೆ ಮಾರಿ ಮುಗೀತು ಅಂದರು. ಮೊದಲ ಬೈಕ್ ಕೈಗೆ ಕೊಟ್ಟಿದ್ದು ಮಾರ್ಚ್ ಕೊನೆಗೆ. ಹಬ್ಬಕ್ಕೆ ಬೈಕ್ ತಗೊಳ್ಳೋನು ಹಬ್ಬದ ಹೊತ್ತಿಗೆ ಬರದಿದ್ದರೆ ಪಕ್ಕದ ಶೋರೂಮಿಗೆ ಹೋಗ್ತಾನೆ.

ಜೆಸಿರೋಡ್_ಸ್ಪೇರ್ಸ್
ಹಾಸನದವರ ಮಾತು ಸರಿ, ಆದರೆ ಅರ್ಧ. ಕಾದವರು ಎಷ್ಟೋ ಜನ ಬೈಕ್ ತಗೊಂಡರು. ಅವರು ಎರಡನೇ ಗಿರಾಕಿಯನ್ನು ಕರ್ಕೊಂಡು ಬಂದರಾ ಅನ್ನೋದು ಪ್ರಶ್ನೆ. ಈ ಬೆಲೆಯ ಬೈಕಿಗೆ ಜಾಹೀರಾತಿಗಿಂತ ಬೀದಿ ಮಾತು ದೊಡ್ಡದು. ಆ ಬೀದಿ ಮಾತು ಹುಟ್ಟೋದು ಎರಡು ವರ್ಷದ ನಂತರ, ಕ್ಲಚ್ ಪ್ಲೇಟ್ ಸವೆದಾಗ, ಬೈಕ್ ಬಿದ್ದು ಹ್ಯಾಂಡಲ್ ಲಿವರ್ ಮುರಿದಾಗ.

ಒಂದು ಬೈಕ್ ಓಡ್ತಾ ಇರೋಕೆ ಪದೇಪದೇ ಬೇಕಾಗೋದು ಹತ್ತು ಹನ್ನೆರಡು ಸಾಮಾನು: ಕ್ಲಚ್ ಪ್ಲೇಟ್ ಸೆಟ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಪ್ಯಾಡ್, ಚೈನ್ ಸ್ಪ್ರಾಕೆಟ್ ಕಿಟ್, ಏರ್ ಫಿಲ್ಟರ್, ಆಯಿಲ್ ಫಿಲ್ಟರ್, ಮುಂದಿನ ಫೋರ್ಕ್ ಆಯಿಲ್ ಸೀಲ್, ಕೋನ್ ಸೆಟ್, ಲಿವರ್, ಇಂಡಿಕೇಟರ್, ಮಿರರ್. ಎನ್‌ಫೀಲ್ಡಿಗೆ ಇವೆಲ್ಲ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗುತ್ತೆ. ಒರಿಜಿನಲ್ ಇಲ್ಲದಿದ್ದರೆ ಹೊರಗಿನ ಕಂಪನಿದು ಮೂರು ಬಗೆ ಇರುತ್ತೆ. ಕಮ್ಮಿ ಮಾರಾಟವಾಗೋ ಬೈಕಿಗೆ ಹೊರಗಿನ ಕಂಪನಿ ಅಚ್ಚು ಮಾಡಿಸೋದೇ ಇಲ್ಲ.

ಯಾಕೆ ಅಂತ ಲೆಕ್ಕ ನೋಡಿ. ಒಂದು ಲಿವರ್ ಬ್ರಾಕೆಟ್ ಅಚ್ಚಿಗೆ 20 ಲಕ್ಷ ಅಂತ ಇಟ್ಕೊಳ್ಳಿ. 3 ಲಕ್ಷ ಪೀಸ್ ಹೊಡೆದರೆ ಪೀಸಿಗೆ ಅಚ್ಚಿನ ಖರ್ಚು 7 ರೂಪಾಯಿಯೂ ಬೀಳಲ್ಲ. 30 ಸಾವಿರ ಪೀಸ್ ಆದರೆ 67 ರೂಪಾಯಿ. ಅಂಗಡಿಯವನು ಯಾವುದನ್ನ ಶೆಲ್ಫಲ್ಲಿ ಇಡ್ತಾನೆ? ಮಾರಾಟ ಕಮ್ಮಿ ಅಂತ ಪಾರ್ಟು ಇಲ್ಲ, ಪಾರ್ಟು ಇಲ್ಲ ಅಂತ ಮಾರಾಟ ಕಮ್ಮಿ. ಈ ಸುಳಿ ಒಡೆಯೋಕೆ ಕಂಪನಿಯೇ ಕೈಯಿಂದ ದುಡ್ಡು ಹಾಕಬೇಕು, ಬೇರೆ ಯಾರೂ ಹಾಕಲ್ಲ.

ಕುಡ್ಲ_ಟೂಸ್ಟ್ರೋಕ್
ಪಾರ್ಟಿನ ಮಾತು ಒಪ್ಪಿದೆ ಮಾರ್ರೆ. ಆದ್ರೆ ಮೈಸೂರಿನ ಕಥೆ ಬೇರೆಯೇ ಉಂಟು. ಯೆಜ್ಡಿಗೆ ಪಾರ್ಟಿನ ಬರ ಬಂದು ಮುಚ್ಚಿದ್ದಲ್ಲ. 1984ರಲ್ಲಿ ಇಂಡ್-ಸುಜುಕಿ, 85ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತೆ ಯಮಹಾ ಆರ್‌ಎಕ್ಸ್ 100, 86ರಲ್ಲಿ ಕವಾಸಕಿ ಬಜಾಜ್ ಬಂತು. ಸಿಡಿ 100 ನಾಲ್ಕು ಸ್ಟ್ರೋಕ್, ಲೀಟರಿಗೆ 80 ಕಿ.ಮೀ. ಅಂತ ಜಾಹೀರಾತು. ಯೆಜ್ಡಿ ಕೊಡ್ತಿದ್ದದ್ದು 25ರಿಂದ 30. ಮೇಲಿಂದ ಪ್ರತಿ ಲೀಟರಿಗೆ 30-40 ಮಿ.ಲೀ. ಟೂಟಿ ಆಯಿಲ್ (ಟೂ ಸ್ಟ್ರೋಕ್ ಬೈಕಲ್ಲಿ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬೇರೆ. ದಿನಕ್ಕೆ 40 ಕಿ.ಮೀ. ಓಡುವವನಿಗೆ ತಿಂಗಳಿಗೆ ಯೆಜ್ಡಿಯಲ್ಲಿ 40 ಲೀಟರ್ ಪೆಟ್ರೋಲ್, ಸಿಡಿ 100ರಲ್ಲಿ 15ರಿಂದ 20 ಲೀಟರ್. ಸಂಬಳದವನು ಎಂಥ ಮಾಡ್ತಾನೆ ಹೇಳಿ.

ಆಮೇಲೆ 1996ರ ಹೊಗೆ ನಿಯಮ. ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಕಿ.ಮೀ.ಗೆ 4.5 ಗ್ರಾಂ, ಹೈಡ್ರೊಕಾರ್ಬನ್ ಮತ್ತು ನೈಟ್ರೊಜನ್ ಆಕ್ಸೈಡ್ ಸೇರಿ 3.6 ಗ್ರಾಂ ಮಿತಿ. ಟೂ ಸ್ಟ್ರೋಕಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗಲೇ ಎಕ್ಸಾಸ್ಟ್ ಪೋರ್ಟ್ ತೆರೆದಿರ್ತದೆ. ಸುಡದ ಪೆಟ್ರೋಲ್ ಸ್ವಲ್ಪ ನೇರ ಸೈಲೆನ್ಸರಿಗೆ ಹೋಗ್ತದೆ. 250 ಸಿಸಿಯಲ್ಲಿ ಹೋಗುವ ಪ್ರಮಾಣವೂ ಜಾಸ್ತಿ. ಕಾರ್ಬ್ (ಕಾರ್ಬ್ಯುರೇಟರ್) ಸೆಟ್ಟಿಂಗಲ್ಲಿ ಸರಿ ಆಗುವ ವಿಷಯ ಅಲ್ಲ ಅದು, ಸಿಲಿಂಡರ್ ಪೋರ್ಟಿಂಗೇ ಬದಲಾಗಬೇಕಿತ್ತು.

ಧಾರವಾಡ_ಮೊನಾರ್ಕ್
ಅದಕ್ಕೇ ಹೇಳೋದ್ರೀ, ಇಂಜಿನ್ ಬದಲು ಮಾಡಲಿಲ್ಲ ಅನ್ನೋದೇ ಮೂಲ ಕಾರಣ. 1961ರಾಗ ಜಯಚಾಮರಾಜ ಒಡೆಯರು ಉದ್ಘಾಟನೆ ಮಾಡಿದಾಗ ಇದ್ದ 65 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 75 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡಾಟ) ಲೆಕ್ಕ ಕೊನೀತನಕ ಅದ. ಯೆಜ್ಡಿ ರೋಡ್‌ಕಿಂಗ್‌ನಾಗ ಪೋರ್ಟ್, ಕಾರ್ಬ್ ಸುಧಾರಿಸಿದ್ರು, 16 ಅಶ್ವಶಕ್ತಿ ಬಂತು, ಛಲೋನೇ ಆತು. ಕ್ಲಾಸಿಕ್, ಡಿಲಕ್ಸ್, ಮೊನಾರ್ಕ್, ಸಿಎಲ್-2 ಅಂತ ಹೆಸರು ಬ್ಯಾರೆ ಬ್ಯಾರೆ, ಒಳಗಿನ ಎದಿ ಒಂದ. 175 ತಂದ್ರು, ಹೊತ್ತು ಮೀರಿತ್ತು.

ಯಾದವಗಿರಿ_250
ಧಾರವಾಡದವರೇ, ಆ ಕಾಲಕ್ಕೆ ಹೊಸ ಇಂಜಿನ್ ತರೋಕೆ ಪರದೇಶದ ಜೊತೆಗಾರ ಬೇಕಿತ್ತಲ್ಲ? ಹೀರೋಗೆ ಹೋಂಡಾ, ಟಿವಿಎಸ್‌ಗೆ ಸುಜುಕಿ, ಎಸ್ಕಾರ್ಟ್ಸ್‌ಗೆ ಯಮಹಾ, ಬಜಾಜ್‌ಗೆ ಕವಾಸಕಿ. ಮೈಸೂರಿಗೆ ಇದ್ದದ್ದು ಜೆಕೊಸ್ಲೊವಾಕಿಯಾ. ಅಲ್ಲಿನ ಜಾವಾ ಕೂಡ ಟೂ ಸ್ಟ್ರೋಕಿಗೇ ಅಂಟಿಕೊಂಡಿತ್ತು, ಸೋವಿಯತ್ ಮಾರುಕಟ್ಟೆ ಕೈ ಬಿಟ್ಟಮೇಲೆ ಅದೂ ಕುಸಿಯಿತು.

ಧಾರವಾಡ_ಮೊನಾರ್ಕ್
ಖರೆ ಅದ. ಆದ್ರ ಜೊತೆಗಾರನ್ನ ಹುಡುಕೋದೂ ಆಡಳಿತದ ಕೆಲಸ ಅಲ್ಲೇನ್ರೀ? ಅದನ್ನ ಮಾಡದೇ ಇದ್ದದ್ದಕ್ಕ ಕಾರ್ಮಿಕರ ಮ್ಯಾಲೆ ತಪ್ಪು ಹೊರಿಸೋದು ನ್ಯಾಯ ಅಲ್ಲ. ಮುಷ್ಕರದಿಂದ ಮುಚ್ಚಿತು ಅಂತ ಸಲೀಸಾಗಿ ಹೇಳ್ತಾರ. ಬೇಡಿಕೆ ಬಿದ್ದ ಮ್ಯಾಲೇ ಜಗಳ ಜೋರಾಗೋದು, ಅದರ ಮೊದಲಲ್ಲ.

ಚಿಕ್ಕಮಗಳೂರು_ಘಾಟಿ
ಈಗಿನ ಬೈಕಿಗೆ ಬರೋಣ. ಅಶ್ವಶಕ್ತಿ ಜಾಸ್ತಿ ಇದ್ದೂ ಮಾರಾಟ ಯಾಕಿಲ್ಲ ಅಂದರೆ ಶಕ್ತಿ ಬರೋ ಜಾಗ ನೋಡಿ. ಕ್ಲಾಸಿಕ್ 350ರ ಇಂಜಿನ್ 72 × 85.8 ಮಿ.ಮೀ., ಉದ್ದ ಸ್ಟ್ರೋಕ್. 27 ಎನ್‌ಎಂ ಟಾರ್ಕ್ (ಎಳೆಯೋ ಬಲ) 4000 ಆರ್‌ಪಿಎಂಗೇ ಸಿಗುತ್ತೆ. ಎಫ್‌ಜೆಯಲ್ಲಿ 29.6 ಎನ್‌ಎಂ ಇದೆ, ಆದರೆ 6000 ಆರ್‌ಪಿಎಂ ಹತ್ತಿರ. ಚಾರ್ಮಾಡಿಯ ಹೇರ್‌ಪಿನ್‌ನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಲ್ಲಿ ಏರೋ ಅಭ್ಯಾಸ ಇರೋನಿಗೆ ಎರಡನೇ ಗೇರಿಗೆ ಇಳಿಸಿ ಇಂಜಿನ್ ಮೇಲೆತ್ತಬೇಕು ಅಂದರೆ ಬೈಕ್ "ಎಳೀತಿಲ್ಲ" ಅನ್ನಿಸುತ್ತೆ. ವಾಸ್ತವದಲ್ಲಿ ಎಳೆಯುತ್ತೆ, ಬೇರೆ ತರ ಓಡಿಸಬೇಕು ಅಷ್ಟೇ.

ಹಳೇ ಜಾವಾದ ಮುಖ ಹೊತ್ತ ಬೈಕಲ್ಲಿ ಡಬಲ್ ಓವರ್‌ಹೆಡ್ ಕ್ಯಾಮ್, ಲಿಕ್ವಿಡ್ ಕೂಲಿಂಗ್. ರೂಪಕ್ಕೆ ಮರುಳಾಗಿ ಬಂದೋನು ಮೆಲ್ಲಗೆ ಓಡೋ ಇಂಜಿನ್ ನಿರೀಕ್ಷೆ ಮಾಡ್ತಾನೆ. ಜೋರಾಗಿ ಓಡೋ ಇಂಜಿನ್ ಬೇಕಾದೋನು ಆ ರೂಪ ನೋಡಿ ಹತ್ತಿರವೇ ಬರಲ್ಲ. 2024ರ ಜಾವಾ 350ರಲ್ಲಿ ಶಕ್ತಿಯನ್ನ 22.5 ಪಿಎಸ್‌ಗೆ ಇಳಿಸಿ ಕೆಳಗಿನ ಎಳೆತ ಹೆಚ್ಚಿಸಿದ್ದು ಇದನ್ನ ಅರಿತೇ. ಅದು ಸರಿಯಾದ ಹೆಜ್ಜೆ. ಐದು ವರ್ಷ ಮೊದಲು ಇಡಬೇಕಿತ್ತು.

ಆರ್‌ಎಕ್ಸ್_ಅಭಿ
ಯಮಹಾ ಆರ್‌ಡಿ 350 ಮುಂದೆ ಇದೆಲ್ಲ ಲೆಕ್ಕಕ್ಕಿಲ್ಲ.

ಕುಡ್ಲ_ಟೂಸ್ಟ್ರೋಕ್
ಅಭಿ, ಆರ್‌ಡಿ 350 ಅಂಥ ಒಳ್ಳೆ ಬೈಕ್ ಕೂಡ 83ರಲ್ಲಿ ಬಂದು ಆ ದಶಕ ಮುಗಿಯುವಾಗ ಹೋಯ್ತು. ಕಾರಣ ಅದೇ, ಮೈಲೇಜ್ ಮತ್ತೆ ರೇಟು. ಇಲ್ಲಿ ಚರ್ಚೆ ಬೈಕ್ ಹೇಗಿದೆ ಅಂತ ಅಲ್ಲ, ಮಾರುವವನು ಉಳೀತಾನಾ ಅಂತ.

ಬೆಳ್ಳಂದೂರು_ಬಿಎಸ್6
2018ರಲ್ಲಿ ಈ ಬೆಲೆಗೆ ಎದುರಾಳಿ ಒಬ್ಬನೇ, ಎನ್‌ಫೀಲ್ಡ್. ಜಾವಾ 1.64 ಲಕ್ಷ, ಫಾರ್ಟಿ ಟು 1.55 ಲಕ್ಷ ಅಂತ ದೆಹಲಿ ಬೆಲೆ ಹೇಳಿದಾಗ ಎನ್‌ಫೀಲ್ಡ್ ಬಳಿ ಇದ್ದದ್ದು ಹಳೇ ಇಂಜಿನ್. ಆ ಕಿಟಕಿ ಎರಡು ವರ್ಷ ತೆರೆದಿತ್ತು. 2020ರಲ್ಲಿ ಹೋಂಡಾ ಹೈನೆಸ್ ಮತ್ತು ಎನ್‌ಫೀಲ್ಡ್ ಮೀಟಿಯೊರ್, 2021ರಲ್ಲಿ ಹೊಸ ಕ್ಲಾಸಿಕ್, 2022ರ ಆಗಸ್ಟಲ್ಲಿ ಒಂದೂವರೆ ಲಕ್ಷಕ್ಕೆ ಎನ್‌ಫೀಲ್ಡಿನದೇ ಹಂಟರ್, 2023ರ ಜುಲೈಯಲ್ಲಿ ಟ್ರಯಂಫ್ ಸ್ಪೀಡ್ 400 ಮತ್ತು ಹಾರ್ಲೆ ಎಕ್ಸ್440. ತೆರೆದಿದ್ದಾಗ ಬೈಕ್ ಕೊಡೋಕಾಗಲಿಲ್ಲ, ಬೈಕ್ ಕೊಡೋಕಾದಾಗ ಕಿಟಕಿ ಮುಚ್ಚಿತ್ತು.

ಡೀಲರ್_ಲೆಕ್ಕ
ಶೋರೂಮ್ ಕಡೆಯ ಲೆಕ್ಕ ಯಾರೂ ಹೇಳಲಿಲ್ಲ. ಬಣ್ಣ, ಮಾಡೆಲ್ ಎಲ್ಲ ತೋರಿಸೋಕೆ ಕನಿಷ್ಠ 15 ಬೈಕ್ ನಿಲ್ಲಿಸಬೇಕು ಅಂದುಕೊಳ್ಳಿ. ತಲಾ 2 ಲಕ್ಷ, ಒಟ್ಟು 30 ಲಕ್ಷ. ಸ್ಟಾಕ್ ಸಾಲಕ್ಕೆ ವರ್ಷಕ್ಕೆ 10% ಬಡ್ಡಿ ಅಂದರೆ ತಿಂಗಳಿಗೆ 25,000. ತಿಂಗಳಿಗೆ 50 ಬೈಕ್ ಹೋದರೆ ಬೈಕಿಗೆ 500 ರೂಪಾಯಿ ಬಡ್ಡಿ. 10 ಹೋದರೆ 2,500. ಬಾಡಿಗೆ, ಸೇಲ್ಸ್ ಹುಡುಗರ ಸಂಬಳ, ಡೆಮೊ ಬೈಕಿನ ಸವಕಳಿ ಎಲ್ಲವೂ ಇದೇ ಲೆಕ್ಕದಲ್ಲಿ ಐದು ಪಟ್ಟು.

ಆಗ ಡೀಲರ್ ಮೊದಲು ಏನು ಕತ್ತರಿಸ್ತಾನೆ? ಶೋರೂಮಿನ ದೀಪ ಅಲ್ಲ, ಹಿಂದಿನ ವರ್ಕ್‌ಶಾಪು. ನಾಲ್ಕು ಜನ ಮೆಕ್ಯಾನಿಕ್ ಇರೋ ಕಡೆ ಇಬ್ಬರು ಉಳೀತಾರೆ. ಕಂಪನಿ ತರಬೇತಿ ಪಡೆದವನು ಮೊದಲು ಬಿಟ್ಟು ಹೋಗ್ತಾನೆ, ಅವನಿಗೆ ಬೇರೆ ಕಡೆ ಕೆಲಸ ಸಿಗುತ್ತೆ. ಸ್ಪೇರ್ಸ್ ರ್‍ಯಾಕಲ್ಲಿ ಫಿಲ್ಟರ್, ಪ್ಯಾಡ್ ಬಿಟ್ಟು ಬೇರೇನೂ ಇಡಲ್ಲ, ಯಾಕಂದ್ರೆ ಅದೂ ಕಟ್ಟಿಹಾಕಿದ ದುಡ್ಡು. ಜೆಸಿರೋಡ್‌ನವರು ಹೇಳಿದ ಸುಳಿ ಶುರುವಾಗೋದೇ ಇಲ್ಲಿಂದ.

ಹಾಸನ_ಹೈವೇ
ಡೀಲರ್_ಲೆಕ್ಕ ಸರ್, ಹಾಗಾದರೆ ಶೋರೂಮ್ ಸಂಖ್ಯೆ ಹೆಚ್ಚಿಸೋದು ತಪ್ಪಾ? ಜಿಲ್ಲೆಗೊಂದು ಇಲ್ಲದಿದ್ದರೆ ಯಾರು ತಗೊಳ್ತಾರೆ?

ಡೀಲರ್_ಲೆಕ್ಕ
ಮಾರೋ ಜಾಗ ಕಮ್ಮಿ ಇದ್ದರೂ ನಡೆಯುತ್ತೆ, ರಿಪೇರಿ ಜಾಗ ಹೆಚ್ಚು ಬೇಕು. ಜಿಲ್ಲೆಗೆ ಒಂದು ಮಾರಾಟದ ಜಾಗ ಸಾಕು. ತಾಲ್ಲೂಕಲ್ಲಿ ಆಗಲೇ ಇರೋ ಒಳ್ಳೇ ಗ್ಯಾರೇಜಿನ ಜೊತೆ ಒಪ್ಪಂದ ಮಾಡಿ, ಒಂದು ಸ್ಕ್ಯಾನರ್, ಒಂದು ಟಾರ್ಕ್ ರೆಂಚ್, ಸ್ಪೆಷಲ್ ಟೂಲ್ ಕಿಟ್ ಕೊಟ್ಟು ಬೋರ್ಡ್ ಹಾಕಿಸಲಿ. ಗಾಜಿನ ಶೋರೂಮಿನ ಖರ್ಚಿಗಿಂತ ತುಂಬಾ ಕಮ್ಮಿ.

ಹುಣಸೂರು_ಪಾಯಿಂಟ್ಸ್
ಇದೇ ನಿಜವಾದ ಮಾತು. ಯೆಜ್ಡಿ ಕಂಪನಿ ಮುಚ್ಚಿ ಹತ್ತಿರತ್ತಿರ ಮೂವತ್ತು ವರ್ಷ ಆದರೂ ಬೈಕ್ ಓಡ್ತಾ ಇರೋದು ಯಾಕೆ? ಬೀದಿ ಮೆಕ್ಯಾನಿಕ್ ಕೈಗೆ ಅದು ಬಗ್ಗುತ್ತೆ. ಪಾಯಿಂಟ್ಸ್ (ಪ್ಲಗ್ ಕಿಡಿಯ ಹೊತ್ತು ನಿಭಾಯಿಸೋ ಸ್ವಿಚ್) ಗ್ಯಾಪ್ 0.4 ಮಿ.ಮೀ. ಫೀಲರ್ ಗೇಜಲ್ಲಿ ಇಟ್ಟು, ಮರಳು ಕಾಗದದಲ್ಲಿ ಕಪ್ಪು ತೆಗೆದು, ಕಂಡೆನ್ಸರ್ ಬದಲಿಸಿದರೆ ಅರ್ಧ ಸ್ಟಾರ್ಟಿಂಗ್ ಸಮಸ್ಯೆ ಮುಗೀತು. ಸೈಲೆನ್ಸರ್ ಬ್ಯಾಫಲ್ ಎಳೆದು ಕಾಸ್ಟಿಕ್ ಸೋಡಾ ನೀರಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ತಂತಿ ಬ್ರಷ್ ಹಾಕಿದರೆ ಕಟ್ಟಿಕೊಂಡಿದ್ದ ಇಂಗಾಲ ಬಿಟ್ಟು ಎಳೆತ ವಾಪಸ್. ಕೈಗವಸು ಹಾಕ್ಕೊಳ್ಳಿ, ಅಲ್ಯೂಮಿನಿಯಂ ಸಾಮಾನನ್ನ ಮಾತ್ರ ಆ ನೀರಿಗೆ ಹಾಕಬೇಡಿ, ತಿಂದುಬಿಡುತ್ತೆ.

ಕಿಕ್ಕರ್ರೇ ಗೇರ್ ಲಿವರ್, ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡೋ ವ್ಯವಸ್ಥೆ. ಕೇಬಲ್ ತುಂಡಾದರೂ ಮನೆ ಮುಟ್ಟಬಹುದು. ಹೊಸ ಬೈಕಿನ ಫ್ಯೂಯಲ್ ಪಂಪ್ ನಿಂತರೆ ಗಾಡಿ ಅಲ್ಲೇ.

ಬೆಳ್ಳಂದೂರು_ಬಿಎಸ್6
ಹುಣಸೂರಿನವರೇ, ಆ ಹೋಲಿಕೆ ಪೂರ್ತಿ ಸರಿಯಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ, ಅದರ ಮೇಲೆ ಒಬಿಡಿ-2 (ದೋಷವನ್ನ ಬೈಕೇ ಪತ್ತೆಹಚ್ಚೋ ವ್ಯವಸ್ಥೆ). ಕಾರ್ಬ್ ಮತ್ತು ಪಾಯಿಂಟ್ಸ್ ಇಟ್ಟು ಯಾರೂ ಮಾರೋಕಾಗಲ್ಲ. ಎನ್‌ಫೀಲ್ಡ್‌ನಲ್ಲೂ ಅದೇ ಇಂಜೆಕ್ಷನ್. ಅದನ್ನ ಊರ ಮೆಕ್ಯಾನಿಕ್ ರಿಪೇರಿ ಮಾಡ್ತಾನೆ, ಯಾಕಂದ್ರೆ ವಾರಕ್ಕೆ ಹತ್ತು ಬರುತ್ತೆ, ಕಲಿತಿದ್ದಾನೆ.

ಲಿಕ್ವಿಡ್ ಕೂಲಿಂಗ್ ಭೂತವಲ್ಲ. ಇಂಜಿನ್ ತಣ್ಣಗಿದ್ದಾಗ ಮಾತ್ರ ಕ್ಯಾಪ್ ತೆಗೆಯಬೇಕು. ಕೂಲಂಟ್ ಕಮ್ಮಿಯಾದರೆ ಬೋರ್‌ವೆಲ್ ನೀರು ಹಾಕಬಾರದು, ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಯಲ್ಲಿ ಕೂತು ಬಿಸಿ ಹೆಚ್ಚುತ್ತೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಕಾನ್ಸಂಟ್ರೇಟ್ ಅರ್ಧ. ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಸೆನ್ಸರ್ ಕನೆಕ್ಟರ್. ಮೆಕ್ಯಾನಿಕ್‌ಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಟ್ಟರೆ ಭಯ ಹೋಗುತ್ತೆ. ಕಂಪನಿ ಅದನ್ನ ಮಾಡಬೇಕು.

ಧಾರವಾಡ_ಮೊನಾರ್ಕ್
ಕನ್ನಡದಾಗ ವರ್ಕ್‌ಶಾಪ್ ಮ್ಯಾನುವಲ್! ಭಾಳ ಛಲೋ ಮಾತು ಅಂದ್ರಿ. ಮೈಸೂರಿನ ಹೆಸರಿನ ಮ್ಯಾಲೆ ಮಾರೋ ಬೈಕಿಗೆ ಇಷ್ಟರೆ ಬೇಕು.

ಚಿಕ್ಕಮಗಳೂರು_ಘಾಟಿ
ಬೈಕ್ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಲ್ಲಿ ಅಲ್ಲ. ಹೆಸರಿನ ವ್ಯಾಜ್ಯ ಕೂಡ ಕರ್ನಾಟಕ ಹೈಕೋರ್ಟಲ್ಲೇ ನಡೆಯಿತು. ಯೆಜ್ಡಿ ಟ್ರೇಡ್‌ಮಾರ್ಕ್ ಮುಚ್ಚಿದ ಐಡಿಯಲ್ ಜಾವಾ ಕಂಪನಿಯ ಆಸ್ತಿ ಅಂತ 2022ರ ಡಿಸೆಂಬರಲ್ಲಿ ಏಕಸದಸ್ಯ ಪೀಠ ಹೇಳಿತ್ತು, ಅಲ್ಲಿಂದ ಮೇಲ್ಮನವಿಗೆ ಹೋಯಿತು. ಮಾರಾಟ ಮಾಡಬೇಕಾದ ಹೊತ್ತಲ್ಲಿ ಹೆಸರಿನ ಮೇಲೇ ಕೇಸು ಇದ್ದರೆ ಡೀಲರ್ ಆಗೋಕೆ ಬರೋನೂ ಹಿಂದೆ ಮುಂದೆ ನೋಡ್ತಾನೆ.

ಆರ್‌ಎಕ್ಸ್_ಅಭಿ
ಯೆಜ್ಡಿ ಅಂದರೆ ಏನರ್ಥ?

ಯಾದವಗಿರಿ_250
ಇರಾನಿನ ಯಾಜ್ದ್ ಊರಿನಿಂದ ಬಂದ ಹೆಸರು. ಕಂಪನಿ ಕಟ್ಟಿದ ರುಸ್ತುಂ ಇರಾನಿ, ಫರೋಖ್ ಇರಾನಿ ಅವರ ಹಿರೀಕರ ಊರ ಕಡೆ. ಜಾವಾ ಅಂದರೆ ಯಾನೆಚೆಕ್ ಮತ್ತು ವಾಂಡರರ್, ಎರಡರ ಮೊದಲ ಅಕ್ಷರಗಳು, 1929ರದ್ದು. ಈಗಿನ ಕಂಪನಿಯಲ್ಲಿ ಅನುಪಮ್ ಥರೇಜಾ ಜೊತೆ ಇರೋ ಬೊಮನ್ ಇರಾನಿ, ರುಸ್ತುಂ ಅವರ ಮಗ.

ಕೋಲಾರ_ಕಿಕ್
ಎನ್‌ಫೀಲ್ಡೇ 2000ನೇ ಇಸವಿಯಲ್ಲಿ ಮುಚ್ಚೋ ಹಂತದಲ್ಲಿತ್ತು ಅನ್ನೋದನ್ನ ಮರೀಬೇಡಿ. ತಿಂಗಳಿಗೆ ಎರಡು ಸಾವಿರ ಬೈಕು. ಕಂಪನಿ ನಡೆಸೋಕೆ ಬಂದ ಸಿದ್ಧಾರ್ಥ ಲಾಲ್ ಜೈಪುರದ ಘಟಕ ಮುಚ್ಚಿದರು, ಗೇರ್ ಬಲದಿಂದ ಎಡಗಾಲಿಗೆ ಬಂತು, ಸೆಲ್ಫ್ ಸ್ಟಾರ್ಟ್ ಬಂತು, ಎರಕದ ಕಬ್ಬಿಣದ ಇಂಜಿನ್ ಹೋಗಿ ಅಲ್ಯೂಮಿನಿಯಂದು ಬಂತು. ಹಳೇ ಅಭಿಮಾನಿಗಳು ಬೈದರು. ಆದರೂ ಇಂಜಿನ್ ಆಯಿಲ್ ಸೋರೋದು ನಿಂತಿತು, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗೋಕೆ ಶುರುವಾಯಿತು. ಆಮೇಲೆ ತಾನೆ ಕ್ಲಾಸಿಕ್ ಬಂದು ಗೆದ್ದಿದ್ದು. ಮೊದಲು ಗುಣಮಟ್ಟ, ಆಮೇಲೆ ಹೊಸ ಮಾಡೆಲ್. ಜಾವಾದವರು ಅದನ್ನ ತಿರುಗುಮುರುಗು ಮಾಡ್ತಿದ್ದಾರೆ. ಜಾವಾ 350, 42, ಎಫ್‌ಜೆ, ಬಾಬರ್, ಪೆರಾಕ್, ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್, ಮೇಲಿಂದ ಬಿಎಸ್‌ಎ ಗೋಲ್ಡ್ ಸ್ಟಾರ್ 650. ಇಷ್ಟು ಕಮ್ಮಿ ಮಾರಾಟಕ್ಕೆ ಇಷ್ಟೊಂದು ಮಾಡೆಲ್ ಯಾಕೆ? ಪ್ರತಿಯೊಂದಕ್ಕೂ ಬೇರೆ ಟ್ಯಾಂಕ್, ಬೇರೆ ಸೀಟ್, ಬೇರೆ ಹೆಡ್‌ಲೈಟ್, ಬೇರೆ ಪಾರ್ಟ್ ನಂಬರ್.

ಜೆಸಿರೋಡ್_ಸ್ಪೇರ್ಸ್
ಕೋಲಾರದವರು ಹೇಳಿದ್ದಕ್ಕೆ ನೂರಕ್ಕೆ ನೂರು ಸಹಮತ. ಮೂರು ಮಾಡೆಲ್ ಸಾಕು. ಲಿವರ್, ಕೇಬಲ್, ಪ್ಯಾಡ್, ಇಂಡಿಕೇಟರ್, ಮಿರರ್ ಮೂರಕ್ಕೂ ಒಂದೇ ಇರಲಿ. ಆಗ ಅಂಗಡಿಯವನು ಧೈರ್ಯವಾಗಿ ಸ್ಟಾಕ್ ಮಾಡ್ತಾನೆ.

ಬೆಳ್ಳಂದೂರು_ಬಿಎಸ್6
ಒಂದು ಒಳ್ಳೇ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನದಕ್ಕೆ 40. ಎಕ್ಸ್ ಶೋರೂಮ್ 2 ಲಕ್ಷದ ಬೈಕಿನ ಮೂಲ ಬೆಲೆ 1,56,250. ಅದಕ್ಕೆ 18% ಸೇರಿಸಿದರೆ 1,84,375. ಅಂದರೆ 15,625 ಉಳಿತಾಯ. 334 ಸಿಸಿ ಇದರೊಳಗೆ ಬರುತ್ತೆ. ಟ್ರಯಂಫ್ 398 ಸಿಸಿ, ಎಕ್ಸ್440 440 ಸಿಸಿ, ಎರಡೂ ಹೊರಗೆ.

ಕೋಲಾರ_ಕಿಕ್
349 ಸಿಸಿಯೂ ಒಳಗೇ ಬರುತ್ತಲ್ಲ. ಎನ್‌ಫೀಲ್ಡಿಗೂ ಅದೇ ಲಾಭ.

ಕುಡ್ಲ_ಟೂಸ್ಟ್ರೋಕ್
ಬೇಡಿಕೆ ಇಲ್ಲದಿರುವಾಗ ಬೈಕ್ ಮಾಡ್ತಾ ಹೋದರೆ ಎಂಥ ಆಗ್ತದೆ ಅಂತ ಕೆಟಿಎಂ ನೋಡಿ. ಮಾರಾಟವಾಗದ ಬೈಕ್ ಗೋದಾಮಲ್ಲಿ ತುಂಬಿ 2024ರ ನವೆಂಬರಲ್ಲಿ ಆಸ್ಟ್ರಿಯಾದ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಬಜಾಜ್ 80 ಕೋಟಿ ಯೂರೊ ಹೊಂದಿಸಿ ಎತ್ತಬೇಕಾಯ್ತು. ಜಾವಾ ಕಮ್ಮಿ ಮಾಡಿ ಕಮ್ಮಿ ಮಾರುದು ಅದಕ್ಕಿಂತ ಸಾವಿರ ಪಾಲು ಮೇಲು. ಸಣ್ಣ ಕಂಪನಿಯಾಗಿಯೇ ಬದುಕಬಹುದು ಮಾರ್ರೆ, ದೊಡ್ಡದಾಗಲೇಬೇಕು ಅಂತ ಎಲ್ಲಿ ಬರೆದುಂಟು?

ಡೀಲರ್_ಲೆಕ್ಕ
ಸಣ್ಣದಾಗಿ ಬದುಕಬೇಕಾದರೆ ಬೆಲೆ ಹೆಚ್ಚಿರಬೇಕು. ಎನ್‌ಫೀಲ್ಡ್ ಬೆಲೆಗೇ ಮಾರಿ ಎನ್‌ಫೀಲ್ಡಿನ ನೂರರಲ್ಲಿ ಮೂರು ನಾಲ್ಕು ಪಾಲು ಮಾರಿದರೆ ಅಚ್ಚು, ಪರೀಕ್ಷೆ, ಸರ್ಟಿಫಿಕೇಟಿನ ಖರ್ಚು ಹುಟ್ಟಲ್ಲ. ಇದಕ್ಕೆ ಉತ್ತರ ಇದೆಯಾ ನಿಮ್ಮ ಹತ್ರ?

ಕುಡ್ಲ_ಟೂಸ್ಟ್ರೋಕ್
ರಫ್ತು ಉಂಟು. ಬಿಎಸ್‌ಎ ಗೋಲ್ಡ್ ಸ್ಟಾರ್ ಬ್ರಿಟನ್ನಿಗೆ ಹೋಗ್ತದಲ್ಲ, ಅಲ್ಲಿ ಬಿಎಸ್‌ಎ ಹೆಸರಿಗೆ ಇನ್ನೂ ಮರ್ಯಾದೆ ಉಂಟು. ಒಂದು 650 ಬೈಕಿನ ಲಾಭ ಇಲ್ಲಿಯ ಮೂರು ಬೈಕಿಗೆ ಸಮ ಆದರೆ ಸಾಕು.

ಹೊಸಬ_ಮಂಡ್ಯ
ಅಣ್ಣಂದಿರೇ, ನನಗೆ ಕಂಪನಿ ಭವಿಷ್ಯಕ್ಕಿಂತ ಮೊದಲು ಇದು ಗೊತ್ತಾಗಬೇಕು: ಈಗ ಯೆಜ್ಡಿ ಅಡ್ವೆಂಚರ್ ತಗೊಳ್ಳೋದಾ ಬೇಡ್ವಾ? ಇನ್ನೊಂದು, ಹಳೇ ರೋಡ್‌ಕಿಂಗ್ ಒಂದು ಮಾರಾಟಕ್ಕಿದೆ, ಬಿಳಿ ಹೊಗೆ ನಿಲ್ಲಲ್ಲ, ಬಿಡಬೇಕಾ?

ಜೆಸಿರೋಡ್_ಸ್ಪೇರ್ಸ್
ಮಂಡ್ಯದವರೇ, ಹೊಸದಕ್ಕೆ: ಟೆಸ್ಟ್ ರೈಡಿಗಿಂತ ಮೊದಲು ಸ್ಪೇರ್ಸ್ ಕೌಂಟರಿಗೆ ಹೋಗಿ. ನಾನು ಮೇಲೆ ಬರೆದ ಹನ್ನೆರಡು ಸಾಮಾನಿನ ಪಟ್ಟಿ ಕೊಡಿ. ಎಷ್ಟು ಈಗ ಕೈಗೆ ಸಿಗುತ್ತೆ ಅಂತ ಎಣಿಸಿ. ಎಂಟಕ್ಕಿಂತ ಹೆಚ್ಚಿದ್ದರೆ ಆ ಡೀಲರ್ ಪರವಾಗಿಲ್ಲ. ಇಲ್ಲದ್ದಕ್ಕೆ "ಬರುತ್ತೆ ಸರ್" ಅಂದರೆ ಒಪ್ಪಬೇಡಿ, ಆರ್ಡರ್ ಹಾಕಿದರೆ ಎಷ್ಟು ದಿನ ಅಂತ ಕೇಳಿ. ವರ್ಕ್‌ಶಾಪಲ್ಲಿ ರಿಪೇರಿಗೆ ನಿಂತ ಬೈಕುಗಳ ಧೂಳು ನೋಡಿ. ದಪ್ಪ ಧೂಳಿದ್ದರೆ ಅವು ಪಾರ್ಟಿಗೆ ಕಾಯ್ತಿವೆ ಅಂತ.

ಹುಣಸೂರು_ಪಾಯಿಂಟ್ಸ್
ರೋಡ್‌ಕಿಂಗ್‌ಗೆ: ಮೊದಲು ಪೆಟ್ರೋಲಿಗೆ ಎಷ್ಟು ಆಯಿಲ್ ಹಾಕ್ತಿದ್ದಾರೆ ಕೇಳಿ. ಲೀಟರಿಗೆ 40 ಮಿ.ಲೀ. ದಾಟಿದ್ದರೆ ಹೊಗೆ ಸಹಜ. ಅಳತೆ ಸರಿ ಇದ್ದೂ ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಪ್ಲಗ್ ಒದ್ದೆ, ಗೇರ್ ಬಾಕ್ಸ್ ಆಯಿಲ್ ಇಳೀತಿದೆ, ನೆಲಕ್ಕೆ ಮಾತ್ರ ಒಂದು ಹನಿ ಬಿದ್ದಿಲ್ಲ ಅಂದರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಗೇರ್ ಆಯಿಲ್ ಒಳಗೆಳೆದುಕೊಂಡು ಸುಡ್ತಿದೆ. ಸೀಲ್ ಅಗ್ಗ, ಕೂಲಿ ಜಾಸ್ತಿ.

ಅಪಾಯ ಇರೋದು ಇನ್ನೊಂದು ಕಡೆ, ಡೈನಮೋ ಕಡೆ ಸೀಲ್. ಅದು ಹೋದರೆ ಹೊಗೆ ಬರಲ್ಲ, ಗಾಳಿ ಎಳೆಯುತ್ತೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಬೇಗ ಇಳಿಯಲ್ಲ, ಪ್ಲಗ್ ತುದಿ ಬೆಳ್ಳಗಿರುತ್ತೆ. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್. ಸೀಲ್ ಅಂತ ತೀರ್ಮಾನ ಮಾಡೋ ಮುಂಚೆ ಕಾರ್ಬ್ ಫ್ಲ್ಯಾಂಜ್ ಸುತ್ತ ಸೋಪಿನ ನೀರು ಹಚ್ಚಿ ನೋಡಿ, ಇಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ, ಗ್ಯಾಸ್ಕೆಟ್ ಸಾಕು. ಸೀಲ್ ಬಿಚ್ಚಿದಾಗ ಶಾಫ್ಟ್ ಮೇಲೆ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳೋಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ನಿಲ್ಲಲ್ಲ, ಬೆಲೆ ಆ ಲೆಕ್ಕದಲ್ಲಿ ಮಾತಾಡಿ.

ಹೊಸಬ_ಮಂಡ್ಯ
ನೆಲದಲ್ಲಿ ಆಯಿಲ್ ಇರಲಿಲ್ಲ, ಪ್ಲಗ್ ಒದ್ದೆ ಇತ್ತು. ಶನಿವಾರ ಗೇರ್ ಬಾಕ್ಸ್ ಆಯಿಲ್ ಮಟ್ಟ ನೋಡಿ ಬರೀತೀನಿ. ಹೊಸದರ ಪಟ್ಟಿಯನ್ನೂ ಅವತ್ತೇ ಕೌಂಟರಲ್ಲಿ ಕೊಡ್ತೀನಿ.

ಯಾದವಗಿರಿ_250
ಹನ್ನೆರಡರಲ್ಲಿ ಎಷ್ಟು ಸಿಕ್ಕಿತು ಅಂತ ಇಲ್ಲಿ ಹಾಕಿ. ಬೇರೆ ಊರಿನವರೂ ತಮ್ಮೂರ ಕೌಂಟರಲ್ಲಿ ಇದೇ ಪಟ್ಟಿ ಕೇಳಿ ಸಂಖ್ಯೆ ಬರೆಯಿರಿ. ಊರ ಹೆಸರು ಸಾಕು, ಅಂಗಡಿ ಹೆಸರು ಬೇಡ. ಇಪ್ಪತ್ತು ಊರು ಆದಮೇಲೆ ಒಟ್ಟು ಮಾಡಿ ಕಂಪನಿಗೇ ಕಳಿಸೋಣ.